ಕೆನೆಬಣ್ಣದ ಘಮ್ಮೆನ್ನೋ ಪೊದೆ ಗುಲಾಬಿ, ಸಣ್ಣ ಜಾಗದಲ್ಲಿ ಬೆಳೆಸೋದು ಹೇಗೆ

ಕೆಂಪು ಗುಲಾಬಿ ಬೆಳೆಸಿ ಅಭ್ಯಾಸ ಇರೋರು ಕೆನೆಬಣ್ಣದ್ದನ್ನೂ ಹಾಗೇ ತಂದು ನೆಟ್ಟುಬಿಡ್ತಾರೆ, ಆಮೇಲೆ ಹೂವೆಲ್ಲ ಅಂಚು ಸುಟ್ಟ ಕಾಗದದ ಥರ ಕಂದು ಆಗ್ತಿದೆ ಅಂತ ಗೋಳಾಡ್ತಾರೆ. ನಾನೂ ಅದೇ ಪೈಕಿ. ಗಿಡದ್ದೇನೂ ತಪ್ಪಿಲ್ಲ, ಗಾಢ ಬಣ್ಣದ ಹೂವಲ್ಲಿ ಮುಚ್ಚಿಹೋಗೋ ಕಲೆ ಇಲ್ಲಿ ಬಿಳಿ ಅಂಗಿ ಮೇಲೆ ಶಾಯಿ ಬಿದ್ದಹಾಗೆ ಎದ್ದು ಕಾಣತ್ತೆ, ಅಷ್ಟೆ. ಅದಕ್ಕೇ ಈ ಬಣ್ಣದ ಗುಲಾಬಿಗೆ ಗೊಬ್ಬರಕ್ಕಿಂತ ಜಾಗ ಮುಖ್ಯ. ಎಲ್ಲಿ ನೆಡ್ತೀರ ಅನ್ನೋದರಲ್ಲೇ ಅರ್ಧ ಕೆಲಸ ಮುಗೀತು.

ಜಾಗಕ್ಕೂ ಮುಂಚೆ ತಳಿ ಮಾತು. ಕೆನೆಬಣ್ಣ ಇದ್ದಮಾತ್ರಕ್ಕೆ ಘಮ ಇರತ್ತೆ ಅಂದ್ಕೋಬೇಡಿ. ನೆವಾಡಾ ಅಂತ 1927ರ ಹಳೇ ಪೊದೆ ಗುಲಾಬಿ ಇದೆ, ಹೂ ಬಿಟ್ಟಾಗ ಕಣ್ಣು ಕಿತ್ತು ಬರೋಹಾಗಿರತ್ತೆ, ಆದ್ರೆ ಮೂಗಿಗೆ ಹೆಚ್ಚೇನೂ ಸಿಗಲ್ಲ, ಮೇಲಾಗಿ ಆಳೆತ್ತರ ದಾಟಿ ಹರಡ್ಕೊಂಡು ಸಣ್ಣ ತೋಟಾನ ನುಂಗಿಹಾಕತ್ತೆ. ಸಣ್ಣ ಜಾಗಕ್ಕೆ ನಾನು ಹೇಳೋದು ಹೈಬ್ರಿಡ್ ಮಸ್ಕ್ ಗುಂಪಿನವು. ಜೋಸೆಫ್ ಪೆಂಬರ್ಟನ್ ಅನ್ನೋ ಇಂಗ್ಲೆಂಡಿನ ಪಾದ್ರಿ ಬೆಳೆಸಿದ ಪ್ರಾಸ್ಪರಿಟಿ (1919), ಪೆನೆಲೊಪಿ (1924) ಎರಡೂ ಗೊಂಚಲು ಗೊಂಚಲಾಗಿ ಬಿಡ್ತವೆ, ವರ್ಷದಲ್ಲಿ ಒಂದೇ ಸಲ ಬಿಟ್ಟು ಸುಮ್ಮನಾಗೋ ಜಾತಿಯಲ್ಲ. ಪೆನೆಲೊಪಿ ಮೊಗ್ಗಲ್ಲಿ ಸ್ವಲ್ಪ ಗುಲಾಬಿ ಛಾಯೆ ಇರತ್ತೆ, ಅರಳ್ತಾ ಕೆನೆಗೆ ತಿರುಗತ್ತೆ. ಎಸಳು ತುಂಬಿ ತುಳುಕೋ ಹೂವೇ ಬೇಕು ಅಂದ್ರೆ 2007ರಲ್ಲಿ ಡೇವಿಡ್ ಆಸ್ಟಿನ್ ಅವರಿಂದ ಬಂದ ಕ್ಲೇರ್ ಆಸ್ಟಿನ್ ನೋಡಬಹುದು, ಅದರ ಘಮದಲ್ಲಿ ಸೋಂಪಿನ ಹತ್ತಿರದ್ದೊಂದು ಎಳೆ ಇರತ್ತೆ, ಆದ್ರೆ ಅದು ಉದ್ದುದ್ದ ಕೊಂಬೆ ಚಾಚೋ ಗಿಡ, ಗೋಡೆನೋ ಕಂಬನೋ ಒರಗೋಕೆ ಕೊಡಬೇಕು.

ಈಗ ಜಾಗ. ಗುಲಾಬಿಗೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಪ್ರಶ್ನೆ ಇರೋದು ಯಾವ ಬಿಸಿಲು ಅಂತ. ಬೆಳಗಿನ ಬಿಸಿಲು ಬೀಳೋ ಕಡೆ ನೆಡಿ. ರಾತ್ರಿ ಇಬ್ಬನಿ ಬೇಗ ಆರತ್ತೆ, ಎಲೆ ಒಣಗಿದ್ರೆ ಕಪ್ಪು ಚುಕ್ಕೆ ರೋಗ ಕಮ್ಮಿ, ಯಾಕಂದ್ರೆ ಆ ಶಿಲೀಂಧ್ರ ಎಲೆಗೆ ಅಂಟ್ಕೊಳ್ಳೋಕೆ ಸುಮಾರು ಏಳು ತಾಸು ಎಲೆ ಒದ್ದೆ ಇರಬೇಕು. ಮಧ್ಯಾಹ್ನ ಎರಡರ ಮೇಲಿನ ಉರಿಬಿಸಿಲು ತಪ್ಪಿದ್ರೆ ಇನ್ನೂ ಒಳ್ಳೇದು. ಕೆನೆಬಣ್ಣ ಅನ್ನೋದು ಹಳದಿ ಅಂಶ ತೆಳುವಾಗಿ ಇರೋದು, ಜೋರು ಬಿಸಿಲಿಗೆ ಅದು ಒಂದೇ ದಿನದಲ್ಲಿ ಬಿಳಿಚಿಕೊಂಡು ಬರೀ ಬಿಳಿ ಹೂವಾಗಿಬಿಡತ್ತೆ. ತಂಪು ದಿನಗಳಲ್ಲಿ ಅದೇ ಗಿಡ ಬೆಣ್ಣೆ ಬಣ್ಣದ ಹೂ ಕೊಡತ್ತೆ, ನೋಡಿದೋರು ಇದು ಬೇರೆ ಗಿಡನಾ ಅಂತ ಕೇಳ್ತಾರೆ.

ಇನ್ನೊಂದು ಮಾತು, ಗಿಡಾನ ತೋಟದ ಮೂಲೆಗೆ ತಳ್ಳಬೇಡಿ. ಘಮದ ಗಿಡ ನೀವು ದಿನಾ ಓಡಾಡೋ ದಾರಿ ಪಕ್ಕ, ಕಿಟಕಿ ಹತ್ತಿರ ಇರಬೇಕು. ಹಾಗಂತ ದಾರಿಗೆ ಅಂಟಿಸಿ ನೆಟ್ರೆ ಮುಳ್ಳು ಬಟ್ಟೆ ಹಿಡ್ಕೊಳತ್ತೆ, ಮೂರಡಿ ಬಿಟ್ಟು ನೆಡಿ. ಗೋಡೆಯಿಂದಾನೂ ಒಂದೂವರೆ ಅಡಿ ದೂರ ಇರಲಿ, ಗಾಳಿ ಆಡಬೇಕು. ಮೊದಲು ಗುಲಾಬಿ ಇದ್ದು ಕಿತ್ತ ಜಾಗದಲ್ಲೇ ಹೊಸ ಗುಲಾಬಿ ಇಟ್ರೆ ಏಳಲ್ಲ, ಬೇರೆ ಜಾಗ ಇಲ್ಲವೇ ಇಲ್ಲ ಅಂದ್ರೆ ಒಂದೂವರೆ ಅಡಿ ಮಣ್ಣು ತೆಗೆದು ಹೊಸದು ತುಂಬಿ.

ನೆಡೋದು ಕಷ್ಟದ ಕೆಲಸ ಅಲ್ಲ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ, ತೆಗೆದ ಮಣ್ಣಿಗೆ ಮೂರನೇ ಒಂದು ಭಾಗ ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿ ಮಾತ್ರ ಬೇಡ, ಬೇರು ಸುಡತ್ತೆ. ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ, ತಾಸುಗಟ್ಟಲೆ ನಿಂತೇ ಇದ್ರೆ ಅಲ್ಲಿ ನೆಡದೆ ಮಣ್ಣು ಏರಿಸಿ ದಿಬ್ಬ ಮಾಡ್ಕೊಳ್ಳಿ. ಕಸಿ ಗಂಟು, ಅಂದ್ರೆ ಕಾಡು ಗುಲಾಬಿ ಬೇರಿಗೆ ನಮ್ಮ ತಳಿ ಕೂಡಿಸಿದ ಕಡೆ ಬುಡದಲ್ಲಿ ಉಬ್ಬಿರೋ ಜಾಗ, ಬೆಚ್ಚಗಿನ ಸೀಮೆಯಲ್ಲಿ ಮಣ್ಣಿನಿಂದ ಒಂದಿಂಚು ಮೇಲಿರಲಿ, ಹಿಮ ಬೀಳೋ ಕಡೆ ಎರಡಿಂಚು ಮಣ್ಣೊಳಗೆ ಹೋಗಲಿ. ಕುಂಡದಲ್ಲಿ ಬೆಳೆಸೋರು 16ರಿಂದ 18 ಇಂಚಿನದಕ್ಕಿಂತ ಚಿಕ್ಕದು ತಗೋಬೇಡಿ.

ಈ ಕಸಿ ಗಂಟಿನ ವಿಷಯದಲ್ಲಿ ನಾನು ಮೋಸಹೋಗಿದೀನಿ. ಎರಡನೇ ವರ್ಷ ಬುಡದಿಂದ ಒಂದು ಕೊಂಬೆ ಸರ್ರನೆ ಎದ್ದು ನನ್ನ ಎದೆಮಟ್ಟ ಬಂತು, ಅಬ್ಬಾ ಏನು ಹುಮ್ಮಸ್ಸು ಅಂತ ಕೋಲು ಬೇರೆ ಕಟ್ಟಿ ಸಾಕಿದೆ, ಆ ಕಡೆ ಕೆನೆ ಗುಲಾಬಿ ಸೊರಗ್ತಾ ಬಂತು, ಕೊನೆಗೆ ನೋಡಿದ್ರೆ ಅದು ಗಂಟಿನ ಕೆಳಗಿಂದ ಎದ್ದ ಕಾಡು ಗುಲಾಬಿ ಚಿಗುರು! ಎಲೆ ಸಣ್ಣದು, ಬಣ್ಣ ತೆಳು, ಮುಳ್ಳಿನ ಆಕಾರನೇ ಬೇರೆ, ಎಲ್ಲಾ ಕಣ್ಣೆದುರಿಗೇ ಇತ್ತು. ಅಂಥದ್ದು ಕಂಡ್ರೆ ಕತ್ತರಿ ಹಾಕಬೇಡಿ, ಕತ್ತರಿಸಿದ್ರೆ ಒಂದಿದ್ದದ್ದು ಮೂರಾಗಿ ಬರತ್ತೆ. ಮಣ್ಣು ಕೆದಕಿ, ಅದು ಹುಟ್ಟಿದ ಜಾಗದಿಂದಲೇ ಕೆಳಮುಖ ಎಳೆದು ಕಿತ್ತುಹಾಕಿ. ಗಂಟಿನ ಮೇಲಿಂದ ಬಂದ ದಪ್ಪ ಕೆಂಪು ಚಿಗುರು ಮಾತ್ರ ಮುಟ್ಟಬೇಡಿ, ಮುಂದಿನ ಹೂವೆಲ್ಲ ಅದರಲ್ಲೇ ಇರೋದು.

ನೀರು ಬುಡಕ್ಕೆ, ಎಲೆಗಲ್ಲ. ದಿನಾ ಒಂದು ಚೊಂಬು ಚಿಮುಕಿಸೋದಕ್ಕಿಂತ ವಾರಕ್ಕೆರಡು ಸಲ ಒಂದೊಂದು ಬಕೆಟ್ ನಿಧಾನಕ್ಕೆ ಇಂಗಿಸಿ, ಬೇರು ಆಳಕ್ಕಿಳಿಯತ್ತೆ. ಕುಂಡಕ್ಕೆ ಈ ಲೆಕ್ಕ ನಡೆಯಲ್ಲ, ಬೆರಳು ಚುಚ್ಚಿ ನೋಡಿ. ಬುಡದ ಸುತ್ತ ಎರಡು ಮೂರಿಂಚು ಒಣ ಎಲೆ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಒಂದು ಸುತ್ತು ಹೂ ಮುಗಿದಮೇಲೆ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು. ಯೂರಿಯಾ ಚೆಲ್ಲಿದ್ರೆ ಎಲೆ ದಟ್ಟವಾಗಿ ಬರತ್ತೆ, ಜೊತೆಗೆ ಗಿಡದ ಹೇನು ಫ್ರೀ.

ಕತ್ತರಿ ಕೆಲಸಕ್ಕೆ ಹೆದರೋರೇ ಜಾಸ್ತಿ. ಪೊದೆ ಗುಲಾಬಿನ ಬುಡದವರೆಗೆ ಬೋಳಿಸೋದು ಬೇಕಾಗಿಲ್ಲ, ವರ್ಷಕ್ಕೊಂದು ಸಲ ಮೂರನೇ ಒಂದು ಭಾಗ ಇಳಿಸಿದ್ರೆ ಸಾಕು, ಒಣಗಿದ್ದು, ಒಂದಕ್ಕೊಂದು ಉಜ್ಜೋದು, ಪೆನ್ಸಿಲ್‌ಗಿಂತ ಸಣಕಲು ಇರೋದು ತೆಗೀರಿ. ಹೊರಗಡೆ ಮುಖ ಮಾಡಿರೋ ಕಣ್ಣಿನ (ಕೊಂಬೆ ಮೇಲೆ ಚಿಗುರೊಡೆಯೋ ಜಾಗ) ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಜಾಗದ ನಡು ಕಂದು ಇದ್ರೆ ಇನ್ನೂ ಸ್ವಲ್ಪ ಕೆಳಗೆ ಹೋಗಿ, ಬೆಳ್ಳಗೆ ಕಾಣೋವರೆಗೆ. ಉದ್ದ ಕೊಂಬೆ ಇದ್ರೆ ಕತ್ತರಿಸೋ ಬದಲು ನಿಧಾನಕ್ಕೆ ಬಗ್ಗಿಸಿ ಅಡ್ಡಡ್ಡ ಕಟ್ಟಿ ನೋಡಿ, ಇದು ನನಗೆ ತುಂಬ ಇಷ್ಟದ ಕೆಲಸ. ನೆಟ್ಟಗೆ ನಿಂತ ಕೊಂಬೆ ತುದಿಯಲ್ಲಷ್ಟೇ ಹೂ ಬಿಡತ್ತೆ, ಯಾಕಂದ್ರೆ ತುದಿ ಮೊಗ್ಗು ಕೆಳಗಿನವನ್ನ ತಡೆದಿಡತ್ತೆ. ಅಡ್ಡ ಮಲಗಿಸಿದ್ರೆ ಆ ತಡೆ ಸಡಿಲ, ಒಂದೊಂದು ಕಣ್ಣೂ ಚಿಗುರಿ ಉದ್ದಕ್ಕೂ ಹೂವಾಗತ್ತೆ. ಬಾಡಿದ ಹೂವನ್ನ ಐದೆಲೆ ಇರೋ ಮೊದಲ ಗರಿಯ ಮೇಲೆ ಕತ್ತರಿಸ್ತಾ ಇರಿ, ಆರೇಳು ವಾರಕ್ಕೆ ಮುಂದಿನ ಸುತ್ತು.

ಹುಳದಲ್ಲಿ ಈ ಬಣ್ಣಕ್ಕೆ ದೊಡ್ಡ ಶತ್ರು ಥ್ರಿಪ್ಸ್. ತಿಳಿ ಬಣ್ಣ ಕಂಡ್ರೆ ಅದಕ್ಕೆ ಪ್ರೀತಿ. ಮೊಗ್ಗು ಅರಳದೆ ಅಂಚು ಕಂದಾಗಿ ನಿಂತ್ರೆ ಒಂದು ಹೂ ಕಿತ್ತು ಬಿಳಿ ಹಾಳೆ ಮೇಲೆ ಕೊಡವಿ. ಎಳ್ಳಿಗಿಂತ ಸಣ್ಣ, ದಾರದ ತುಣುಕಿನ ಥರ ಏನೋ ಓಡಾಡಿದ್ರೆ ಅದೇ. ಎಸಳಿನ ಸಂದಿಯೊಳಗೆ ಕೂರೋದ್ರಿಂದ ಮೇಲೆ ಹೊಡೆದ ಔಷಧಿ ಮುಟ್ಟಲ್ಲ, ಹಾಳಾದ ಹೂ ಮೊಗ್ಗು ಎಲ್ಲಾ ಕಿತ್ತು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೀರಿ, ಗಿಡದ ಕೆಳಗೆ ಬಿಡಬೇಡಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪು ನೀರು, ಸಂಜೆ ಹೊತ್ತು, ಜೇನುನೊಣ ಹೋದಮೇಲೆ ಹೊಡೀರಿ, ವಾರ ಬಿಟ್ಟು ಇನ್ನೊಂದ್ಸಲ. ಹಸಿರು ಹೇನಿಗೆ ಅಷ್ಟೆಲ್ಲ ಬೇಡ, ಪೈಪಿನ ನೀರಲ್ಲಿ ಬೆಳಗ್ಗೆ ಜಾಡಿಸಿದ್ರೆ ಉದುರಿಹೋಗತ್ತೆ. ಜಡಿಮಳೆ ದಿನಗಳಲ್ಲಿ ತುಂಬು ಎಸಳಿನ ಮೊಗ್ಗು ಹೊರಪದರ ಅಂಟ್ಕೊಂಡು ಕೊಳೀತಾ ಕೂತಿರತ್ತೆ, ಆಗ ಬೆರಳಲ್ಲಿ ಆ ಹೊರಗಿನ ಎರಡು ಎಸಳು ಬಿಡಿಸಿಕೊಟ್ರೆ ಕೆಲವು ಬಚಾವ್ ಆಗ್ತವೆ, ಎಲ್ಲಾ ಅಲ್ಲ.

ಹೂ ಒಳಗೆ ತಂದಿಡೋದಾದ್ರೆ ಬಿಸಿಲು ಏರೋ ಮುಂಚೆನೇ ಕತ್ತರಿಸಿ, ಘಮದ ಎಣ್ಣೆ ಕಾವಿಗೆ ಹಾರಿಹೋಗತ್ತೆ. ಅರ್ಧ ಅರಳಿದ್ದನ್ನ ಆರಿಸಿ, ನೀರಿನ ಲೋಟ ಗಿಡದ ಹತ್ತಿರಾನೇ ತಗೊಂಡು ಹೋಗಿ, ಕತ್ತರಿಸಿದ ತಕ್ಷಣ ಅದರಲ್ಲಿಡಿ. ಗೊಂಚಲಾಗಿ ಬಿಡೋ ಮಸ್ಕ್ ಜಾತಿಯವನ್ನ ನಾನಂತೂ ಕೀಳಲ್ಲ, ಅವುಗಳ ಘಮ ಬಹುಪಾಲು ನಡುವಿನ ಕೇಸರದಿಂದ ಬರೋದು, ಮೂಗು ಇಟ್ಟು ಮೂಸಿದ್ರೆ ಸಿಗೋದಕ್ಕಿಂತ ನಾಲ್ಕು ಹೆಜ್ಜೆ ದೂರದಲ್ಲಿ ಗಾಳಿ ಜೊತೆ ಬಂದಾಗಲೇ ಚೆನ್ನ.