ಚೆಂಡೆ ಏರುವ ಹೊತ್ತಿಗೆ ವಿಡಿಯೋ ನಿಂತರೆ ಏನು ಮಾಡಬೇಕು

ಮಂಡಿನೋವು ಜೋರಾದ ಮೇಲೆ ಅಪ್ಪಯ್ಯನಿಗೆ ರಾತ್ರಿಯಿಡೀ ಕೂತು ಆಟ ನೋಡುವುದಕ್ಕೆ ಆಗುತ್ತಿಲ್ಲ. ಸಾಗರದ ಹತ್ತಿರದ ನಮ್ಮ ಹಳೇ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಯೂಟ್ಯೂಬಿನಲ್ಲಿ ಯಕ್ಷಗಾನ, ತಾಳಮದ್ದಳೆ ನೋಡುತ್ತಾರೆ. ಒಂದೊಂದು ಪ್ರಸಂಗ ಐದಾರು ಗಂಟೆಯದು. ಹೋದ ಮಳೆಗಾಲದಲ್ಲಿ ಅದೂ ಕೈಕೊಟ್ಟಿತು. ಭಾಗವತರು ಏರುಪದ ಎತ್ತಿಕೊಂಡು, ಚೆಂಡೆ ಏರುತ್ತಿದ್ದ ಹಾಗೇ ಪರದೆಯ ನಡುವೆ ಆ ಬಿಳಿ ಚಕ್ರ ತಿರುಗತೊಡಗುತ್ತಿತ್ತು. "ಕೂಸೇ, ಮತ್ತೆ ನಿಂತ್ಹೋತು" ಎಂದು ಶಿವಮೊಗ್ಗದಲ್ಲಿರುವ ನನಗೆ ಫೋನ್ ಬರುತ್ತಿತ್ತು. ಇಡೀ ದಿನ ತೋಟದ ಕೆಲಸ ಮಾಡಿ ಸಂಜೆ ಎರಡು ಗಂಟೆ ನೆಮ್ಮದಿಯಿಂದ ಆಟ ನೋಡಲು ಕೂತವರಿಗೆ ಹೀಗಾದರೆ ಎಷ್ಟು ಬೇಜಾರಾಗುತ್ತದೆ ಎನ್ನುವುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ಸಂಪರ್ಕ ಕೊಟ್ಟವರನ್ನು ಕೇಳಿದರೆ "ಪ್ಲಾನ್ ಸಾಲುವುದಿಲ್ಲ, ದೊಡ್ಡದು ಹಾಕಿಸಿ" ಎಂದರಂತೆ. ಅಪ್ಪಯ್ಯ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ವೇಗದ ಪ್ಲಾನಿನಿಂದ 100ಕ್ಕೆ ಏರಿಸಿ ಎರಡು ತಿಂಗಳು ಹೆಚ್ಚಿನ ದುಡ್ಡು ಕಟ್ಟಿದರು. ವಿಡಿಯೋ ಮೊದಲಿನ ಹಾಗೇ ನಿಲ್ಲುತ್ತಿತ್ತು. ನವರಾತ್ರಿ ರಜೆಗೆ ಹೋದಾಗ ಮೂರು ದಿನ ಕೂತು ಒಂದೊಂದನ್ನೇ ಅಳೆದೆ. ಒಂದಲ್ಲ, ಮೂರು ದೋಷ ಸಿಕ್ಕವು. ಆ ಮೂರರಲ್ಲಿ ಒಂದಕ್ಕೂ ಪ್ಲಾನಿಗೂ ಸಂಬಂಧ ಇರಲಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದಿಷ್ಟೇ: ದೋಷ ಎಲ್ಲಿದೆ ಅಂತ ಗೊತ್ತಾಗುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ವಿಡಿಯೋ ನಮ್ಮ ಕಣ್ಣಿಗೆ ಬೀಳುವ ಮೊದಲು ಮೂರು ದಾರಿ ದಾಟಿ ಬರುತ್ತದೆ. ಹೊರಗಿನಿಂದ ಮೋಡೆಮ್‌ಗೆ, ಮೋಡೆಮ್‌ನಿಂದ ಕಂಪ್ಯೂಟರಿಗೆ, ಆಮೇಲೆ ಕಂಪ್ಯೂಟರಿನೊಳಗೆ ಬಿಚ್ಚಿಕೊಂಡು ಪರದೆಗೆ. ಬರುವುದೂ ಒಂದೇ ಸಲಕ್ಕಲ್ಲ, ಕೆಲವೇ ಸೆಕೆಂಡಿನ ತುಂಡು ತುಂಡಾಗಿ. ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬಂದು ತೊಟ್ಟಿ ತುಂಬುತ್ತದಲ್ಲ, ಹಾಗೆ. ಪೈಪಿನಲ್ಲಿ ನಡುವೆ ಒಂದು ಗಳಿಗೆ ನೀರು ಕಟ್ಟಿದರೂ ತೊಟ್ಟಿಯಲ್ಲಿ ಇದ್ದರೆ ನಲ್ಲಿಯಲ್ಲಿ ಬರುತ್ತಲೇ ಇರುತ್ತದೆ. ತೊಟ್ಟಿ ಬರಿದಾದಾಗ ಚಕ್ರ ತಿರುಗುತ್ತದೆ.

ಆ ತೊಟ್ಟಿಯಲ್ಲಿ ಎಷ್ಟಿದೆ ಎಂದು ಯೂಟ್ಯೂಬೇ ತೋರಿಸುತ್ತದೆ. ಓಡುತ್ತಿರುವ ವಿಡಿಯೋದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯ ಕೊನೆಯಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂದಿರುತ್ತದೆ. ಒತ್ತಿದರೆ ಎಡಮೂಲೆಯಲ್ಲಿ ಕಪ್ಪು ಪೆಟ್ಟಿಗೆಯೊಂದು ತೆರೆದು ಸಾಲು ಸಾಲು ಅಂಕಿ ಕಾಣುತ್ತದೆ. ಅಷ್ಟೂ ನಮಗೆ ಬೇಡ, ಎರಡೇ ಸಾಕು. 'ಬಫರ್ ಹೆಲ್ತ್' ಎನ್ನುವುದು ತೊಟ್ಟಿ, ಎಷ್ಟು ಸೆಕೆಂಡಿನಷ್ಟು ವಿಡಿಯೋ ಮುಂಗಡ ಬಂದು ಕೂತಿದೆ ಅನ್ನುವ ಲೆಕ್ಕ. 'ಫ್ರೇಮ್ಸ್' ಸಾಲಿನಲ್ಲಿ 'ಡ್ರಾಪ್ಡ್' ಎಂದಿರುವುದು ಕಂಪ್ಯೂಟರ್ ತೋರಿಸಲಾಗದೆ ಬಿಟ್ಟ ಚಿತ್ರಗಳ ಎಣಿಕೆ.

ವಿಡಿಯೋ ನಿಲ್ಲುವ ಹೊತ್ತಿಗೆ ಈ ಎರಡನ್ನೂ ನೋಡಿ. ಬಫರ್ ಹೆಲ್ತ್ ಇಳಿದು ಇಳಿದು ಸೊನ್ನೆಗೆ ಬಂದು ನಿಂತಿತೋ, ದೋಷ ಸಂಪರ್ಕದ್ದು. ಬಫರ್ 20, 30 ಸೆಕೆಂಡ್ ತುಂಬಿದ್ದೂ ಚಿತ್ರ ಎಳೆದೆಳೆದು ಓಡಿ ಡ್ರಾಪ್ಡ್ ಎಣಿಕೆ ಏರುತ್ತಿದೆಯೋ, ದೋಷ ಕಂಪ್ಯೂಟರಿನದು. ಹತ್ತು ನಿಮಿಷದ ಈ ಪರೀಕ್ಷೆಯೊಂದೇ ಅರ್ಧ ಕೆಲಸ ಮುಗಿಸುತ್ತದೆ. ನಮ್ಮ ಮನೆಯಲ್ಲಿ ಬಫರ್ 12, 7, 3 ಎಂದು ಇಳಿದು ಸೊನ್ನೆಯಾಗುವುದನ್ನು ಅಪ್ಪಯ್ಯನೂ ನಾನೂ ಒಟ್ಟಿಗೇ ಕೂತು ನೋಡಿದೆವು.

ಆಮೇಲೆ ವೇಗ ಅಳೆದೆ. ಬ್ರೌಸರಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದರೆ ಸಾಕು, ತಾನೇ ಅಳೆಯುತ್ತದೆ. ಜಗಲಿಯಲ್ಲಿ ಮೋಡೆಮ್ ಪಕ್ಕ ಫೋನ್ ಹಿಡಿದು ಕೂತರೆ 92 ಎಂಬಿಪಿಎಸ್. ಒಳಕೋಣೆಯ ಕಂಪ್ಯೂಟರಿನಲ್ಲಿ ಒಮ್ಮೆ 6, ಒಮ್ಮೆ 2. ಯೂಟ್ಯೂಬ್ ಹೇಳುವ ಲೆಕ್ಕದಲ್ಲಿ 480ಪಿ ಚಿತ್ರಕ್ಕೆ 1.1 ಎಂಬಿಪಿಎಸ್, 720ಪಿಗೆ 2.5, 1080ಪಿಗೆ 5, 4ಕೆಗೆ 20 ಬೇಕು. ಎಂದರೆ ಹಳೆಯ 40ರ ಪ್ಲಾನೇ ಅಪ್ಪಯ್ಯನಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ವೇಗ ಮನೆಯ ಒಳಗೇ ಸೋರಿಹೋಗುತ್ತಿತ್ತು. ಇಲ್ಲಿ ಒಂದು ಎಚ್ಚರಿಕೆ: ಪ್ಲಾನಿನಲ್ಲಿ ಬರೆಯುವುದು ಮೆಗಾಬಿಟ್, ಫೈಲ್ ಡೌನ್‌ಲೋಡ್ ಆಗುವಾಗ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. 40ರ ಪ್ಲಾನಿನಲ್ಲಿ ಡೌನ್‌ಲೋಡ್ 5 ಎಂದು ತೋರಿಸಿದರೆ ಮೋಸವಲ್ಲ, ಪೂರ್ತಿ ಬರುತ್ತಿದೆ ಎಂದರ್ಥ.

ಸೋರುವ ಜಾಗ ಹಿಡಿಯಲು ಪಿಂಗ್ ಬೇಕು, ಎಂದರೆ ಇನ್ನೊಂದು ಯಂತ್ರಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡುವ ಪರೀಕ್ಷೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ಎರಡು ಸಲ ತೆರೆದು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಮೋಡೆಮ್‌ನ ವಿಳಾಸ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಹಾಕಿ ಅದಕ್ಕೆ ತಾಗಿಯೇ ಟಿ ಅಕ್ಷರ (-t). ವಿಳಾಸ ಹೆಚ್ಚಿನ ಮನೆಗಳಲ್ಲಿ 192.168.1.1 ಇರುತ್ತದೆ, ಮೋಡೆಮ್‌ನ ಅಡಿ ಚೀಟಿ ನೋಡಿ. ಇನ್ನೊಂದರಲ್ಲಿ ಅದೇ ರೀತಿ 8.8.8.8 ಹಾಕಿ. ಅದು ಗೂಗಲ್‌ನ ಸರ್ವರ್. ಎರಡನ್ನೂ ಹಾಗೇ ಓಡಲು ಬಿಟ್ಟು ವಿಡಿಯೋ ಹಾಕಿ. ವಿಡಿಯೋ ನಿಂತಾಗ ಮೊದಲ ಕಿಟಕಿಯಲ್ಲೇ ಅಂಕಿ 2, 3 ಇದ್ದದ್ದು ಹಾರಿ 300, 400 ಆಗಿ 'ರಿಕ್ವೆಸ್ಟ್ ಟೈಮ್ಡ್ ಔಟ್' (ಉತ್ತರ ಬರಲಿಲ್ಲ) ಎಂದು ಬಂದರೆ ಮೋಡೆಮ್ ಮತ್ತು ಕಂಪ್ಯೂಟರಿನ ನಡುವೆ ದೋಷ. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಮಾತ್ರ ತಪ್ಪುತ್ತಿದ್ದರೆ ದೋಷ ಮನೆಯ ಹೊರಗೆ.

ನಮ್ಮಲ್ಲಿ ಮೊದಲನೆಯದೇ ತಪ್ಪುತ್ತಿತ್ತು. ಕಾರಣ ಕಣ್ಣೆದುರೇ ಇತ್ತು: ನಮ್ಮದು ಮಣ್ಣಿನ ಗೋಡೆಯ ಮನೆ, ಒಂದೊಂದು ಗೋಡೆ ಒಂದೂವರೆ ಅಡಿ ದಪ್ಪ. ಜಗಲಿಗೂ ಒಳಕೋಣೆಗೂ ನಡುವೆ ಅಂಥವು ಎರಡು. ವೈಫೈ ಹಿಡಿಯುವ ಯುಎಸ್‌ಬಿ ಡಾಂಗಲ್ ಸಿಪಿಯು ಡಬ್ಬಿಯ ಹಿಂದೆ, ನೆಲದ ಹತ್ತಿರ, ಹೊರಗಿನ ಹಾರ್ಡ್‌ಡಿಸ್ಕ್‌ಗೆ ತಾಗಿಕೊಂಡೇ ಇತ್ತು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಗದ್ದಲ ಎಬ್ಬಿಸುತ್ತವೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಡಾಂಗಲನ್ನು ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿಗೆ ಹಾಕಿ ಮೇಜಿನ ಮೇಲೆ ಇಟ್ಟದ್ದಕ್ಕೇ ವೇಗ 6ರಿಂದ 14ಕ್ಕೆ ಏರಿತು. ಪೇಟೆಯ ಮನೆಯಾದರೆ ಮೋಡೆಮ್‌ನಲ್ಲಿ 5 ಗಿಗಾಹರ್ಟ್ಸ್ ಹೆಸರಿನ ವೈಫೈ ಇದ್ದರೆ ಅದಕ್ಕೆ ಸೇರಿಸಿ ನೋಡಿ. ಅಕ್ಕಪಕ್ಕದವರ ವೈಫೈಯ ಗಲಾಟೆ ಅಲ್ಲಿ ಕಡಿಮೆ. ಆದರೆ ಅದು ಗೋಡೆ ದಾಟುವುದರಲ್ಲಿ 2.4ಕ್ಕಿಂತ ಬಡವ. ನಮ್ಮ ಒಳಕೋಣೆಗೆ ಅದು ಮುಟ್ಟಲೇ ಇಲ್ಲ.

ಕೊನೆಗೆ ಕೇಬಲ್ಲೇ ಎಳೆದೆ. ಎರಡೂ ತುದಿಗೆ ಕನೆಕ್ಟರ್ ಕೂರಿಸಿದ 20 ಮೀಟರ್ ಲ್ಯಾನ್ ಕೇಬಲ್ ಸಾಗರದ ಅಂಗಡಿಯಲ್ಲೇ ಸಿಕ್ಕಿತು. ನೂರು ಮೀಟರ್‌ವರೆಗೂ ಇದು ವೇಗ ಕಳೆದುಕೊಳ್ಳುವುದಿಲ್ಲ. ಬಾಗಿಲಿನ ಚೌಕಟ್ಟಿನ ಮೇಲುಗಡೆಯಿಂದ, ಇಲಿಯ ಹಲ್ಲಿಗೆ ಸಿಗದ ಹಾಗೆ ಪಿವಿಸಿ ಪಟ್ಟಿಯೊಳಗೆ ತೂರಿಸಿದೆ. ಮೇಜಿನ ಮೇಲಿರುವ ಕಂಪ್ಯೂಟರಿಗೆ ಕೇಬಲ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಹೊಸ ರೂಟರ್, ರಿಪೀಟರ್ ಎಂದು ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ಮಾಡಿ. ಪಿಂಗ್ 1ಕ್ಕೆ ಇಳಿಯಿತು, ವೇಗ 90 ದಾಟಿತು.

ಚಕ್ರ ತಿರುಗುವುದು ಹೋಯಿತು. ಆದರೆ 1080ಪಿ ಹಾಕಿದರೆ ವೇಷದ ಕುಣಿತ ಕುಂಟುತ್ತಿತ್ತು. ಬಫರ್ ತುಂಬಿತ್ತು, ಡ್ರಾಪ್ಡ್ ಎಣಿಕೆ ಓಡುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು 100 ಪರ್ಸೆಂಟ್. ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಧೂಳು ಹತ್ತಿಯ ಹಾಗೆ ಸುತ್ತಿಕೊಂಡಿತ್ತು, ಗಾಳಿ ಹೋಗುವ ಕಿಂಡಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟಿನ ವೈರ್ ಕಿತ್ತು, ಮೆತ್ತಗಿನ ಪೇಂಟ್ ಬ್ರಷ್ಷಿನಿಂದ, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಂಡು ಒರೆಸಿದೆ.

ಇನ್ನೊಂದು ವಿಷಯವೂ ಇತ್ತು. ಆ ಕಂಪ್ಯೂಟರ್ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, ಬಂದದ್ದು 2013ರ ಕಾಲದಲ್ಲಿ. ವಿಡಿಯೋವನ್ನು ಸಣ್ಣದಾಗಿ ಮಡಿಸಿ ಕಳಿಸುವ ವಿಧಾನಗಳು ಹಲವು. ಅವುಗಳಲ್ಲಿ ಎಚ್264 ಬಗೆಯ ವಿಡಿಯೋ ಬಿಚ್ಚುವ ಪ್ರತ್ಯೇಕ ಭಾಗ ಅದರ ಚಿಪ್ಪಿನಲ್ಲೇ ಇದೆ. ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9, ಎವಿ1 ಬಗೆಯವನ್ನು. ಅವನ್ನು ಈ ಹಳೇ ಪ್ರೊಸೆಸರ್ ಬರೀ ತೋಳ್ಬಲದಿಂದ ಬಿಚ್ಚಬೇಕು. ಆ ಕಪ್ಪು ಪೆಟ್ಟಿಗೆಯಲ್ಲಿ 'ಕೋಡೆಕ್ಸ್' ಸಾಲು ನೋಡಿದರೆ ನಿಮಗೆ ಯಾವುದು ಬರುತ್ತಿದೆ ಎಂದು ತಿಳಿಯುತ್ತದೆ. ಫೈರ್‌ಫಾಕ್ಸ್ ಹಾಕಿ, ಅದರಲ್ಲಿ 'ಎನ್‌ಹ್ಯಾನ್ಸ್ಡ್ ಎಚ್264ಇಫೈ' ಎಂಬ ಆಡ್‌ಆನ್ ಸೇರಿಸಿದೆ. ಯೂಟ್ಯೂಬ್ ಎಚ್264 ಅನ್ನೇ ಕಳಿಸತೊಡಗಿತು, ಸಿಪಿಯು 35 ಪರ್ಸೆಂಟಿಗೆ ಇಳಿಯಿತು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ 'ಸಿಸ್ಟಮ್' ಭಾಗದಲ್ಲಿ ಗ್ರಾಫಿಕ್ಸ್ ಅಕ್ಸಲರೇಶನ್ ಸ್ವಿಚ್ ಆನ್ ಇದೆಯೇ ನೋಡಿಕೊಳ್ಳಿ. ಹೊಸ ಕಂಪ್ಯೂಟರ್ ಇರುವವರಿಗೆ ಈ ಆಡ್‌ಆನ್ ಬೇಡವೇ ಬೇಡ.

ಎರಡು ದಿನ ಚೆನ್ನಾಗಿತ್ತು. ಮೂರನೇ ಸಂಜೆ ಮಳೆ ಹಿಡಿಯಿತು, ಚಕ್ರ ಮತ್ತೆ ಬಂತು. ಈಗ ಪಿಂಗ್ ಮೊದಲ ಕಿಟಕಿಯಲ್ಲಿ ನೆಟ್ಟಗೆ, ಎರಡನೆಯದರಲ್ಲಿ ಐದಕ್ಕೊಂದು ತಪ್ಪುತ್ತಿತ್ತು. ಬ್ರೌಸರಿನಲ್ಲಿ 192.168.1.1 ಹಾಕಿ ಮೋಡೆಮ್‌ನ ಪುಟ ತೆರೆದೆ. ಪಾಸ್‌ವರ್ಡ್ ಅಡಿ ಚೀಟಿಯಲ್ಲೇ ಇತ್ತು. ಫೈಬರ್ ಮೋಡೆಮ್ ಆದರೆ ಸ್ಟೇಟಸ್ ಪುಟದಲ್ಲಿ 'ಆರ್‌ಎಕ್ಸ್ ಪವರ್' ಎಂದು ಬರುವ ಬೆಳಕಿನ ಅಳತೆ ಇರುತ್ತದೆ. ಅದು ಮೈನಸ್ 27ಕ್ಕಿಂತ ಕೆಳಗೆ ಹೋದರೆ ಸಂಪರ್ಕ ತೊದಲುತ್ತದೆ. ನಮ್ಮದು ಮೈನಸ್ 28.9. ಛತ್ರಿ ಹಿಡಿದು ಲೈನ್ ಹಿಂದೆಯೇ ತೋಟಕ್ಕೆ ಇಳಿದೆ. ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ಕಪ್ಪು ಫೈಬರ್ ಮೇಲೆ ಒಂದು ಕಡೆ ಸೋಗೆ ಬಿದ್ದು, ವೈರು ಮರಕ್ಕೆ ಬಿಗಿದ ಟೈಯ ಹತ್ತಿರ ಬೆರಳು ಮಡಿಸಿದ ಹಾಗೆ ಬಾಗಿ ನಿಂತಿತ್ತು. ಫೈಬರಿನ ಒಳಗೆ ಗಾಜಿನ ಎಳೆ. ಅದು ಕಡುವಾಗಿ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ.

ಅದನ್ನು ನಾವೇ ಎಳೆದಾಡಬಾರದು, ತುಂಡಾದರೆ ದಿನಗಟ್ಟಲೆ ಸಂಪರ್ಕವೇ ಇಲ್ಲ. ದೂರು ಕೊಡುವಾಗ ಮಾತ್ರ "ನೆಟ್ ಸ್ಲೋ" ಎನ್ನಬೇಡಿ, ಸ್ಲೋ ಎಂದರೆ ಮತ್ತೆ ಪ್ಲಾನಿನ ಮಾತೇ ಬರುತ್ತದೆ. "ಆರ್‌ಎಕ್ಸ್ ಪವರ್ ಮೈನಸ್ 28.9 ಇದೆ, ಮೋಡೆಮ್‌ಗೆ ಪಿಂಗ್ ಸರಿ ಇದೆ, ಹೊರಗೆ ನೂರಕ್ಕೆ ಇಪ್ಪತ್ತು ತಪ್ಪುತ್ತಿದೆ, ತೋಟದಲ್ಲಿ ವೈರು ಬಾಗಿದೆ" ಎಂದೆ. ಮರುದಿನವೇ ಲೈನ್‌ನವರು ಬಂದರು. ಬಾಗಿದ ಕಡೆ ಕತ್ತರಿಸಿ ಹೊಸದಾಗಿ ಜೋಡಿಸಿ, ಮೋಡೆಮ್ ಪುಟ ತೆರೆದು ನನಗೇ ತೋರಿಸಿದರು: ಮೈನಸ್ 21.4. ಈ ಅಂಕಿ ಡಿಬಿ (ಡೆಸಿಬೆಲ್) ಲೆಕ್ಕದ್ದು, ಅದು 3 ಕುಸಿದಾಗಲೆಲ್ಲ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಎಂದರೆ ಇಷ್ಟು ದಿನ ನಮಗೆ ಬರುತ್ತಿದ್ದುದು ಐದರಲ್ಲೊಂದು ಪಾಲಿಗಿಂತ ಕಡಿಮೆ ಬೆಳಕು. ಪ್ಲಾನನ್ನು ಅವತ್ತೇ 40ಕ್ಕೆ ಇಳಿಸಿದೆವು.

ಈ ಮೂರೂ ಇಲ್ಲದೆ ನಿಲ್ಲುತ್ತಿದ್ದರೆ ಬೇರೆ ಯಾರಾದರೂ ದಾರಿ ತುಂಬುತ್ತಿದ್ದಾರೆಯೇ ನೋಡಿ. ಫೋನುಗಳು ಫೋಟೋ ಬ್ಯಾಕಪ್ ಮಾಡುವುದು, ಒನ್‌ಡ್ರೈವ್ ಫೈಲ್ ಏರಿಸುವುದು, ವಿಂಡೋಸ್ ಅಪ್‌ಡೇಟ್ ಇಳಿಯುವುದು ಎಲ್ಲವೂ ಸಂಜೆ ಹೊತ್ತಿಗೂ ಶುರುವಾಗಬಹುದು. ತಿಂಗಳ ಕೊನೆಗೆ ಮಾತ್ರ ನಿಲ್ಲುವುದಾದರೆ ಎಫ್‌ಯುಪಿ ಮಿತಿ (ಪೂರ್ತಿ ವೇಗದಲ್ಲಿ ತಿಂಗಳಿಗೆ ಬಳಸಬಹುದಾದ ಡೇಟಾ) ಮುಗಿದಿರಬಹುದು. ಇಂಟರ್‌ನೆಟ್ ವೇಗ ಹೆಚ್ಚಿಸುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ಹಾಕಲೇಬೇಡಿ, ನಾನು ಬಿಚ್ಚಿ ನೋಡಿದ ಎಷ್ಟೋ ಕಂಪ್ಯೂಟರುಗಳನ್ನು ನಿಧಾನ ಮಾಡಿದ್ದೇ ಅವು. ವಿಡಿಯೋ ಪಾಜ್ ಮಾಡಿಟ್ಟು ಊಟ ಮಾಡಿ ಬಂದರೆ ಪೂರ್ತಿ ಲೋಡ್ ಆಗಿರುತ್ತದೆ ಎನ್ನುವುದೂ ಹಳೆಯ ಮಾತು. ಈಗ ಸ್ವಲ್ಪ ಮುಂದಿನಷ್ಟೇ ತುಂಬಿಕೊಂಡು ನಿಲ್ಲುತ್ತದೆ. ತಕ್ಷಣಕ್ಕೆ ನೋಡಲೇಬೇಕಿದ್ದರೆ ಗೇರ್ ಗುರುತಿನಲ್ಲಿ ಕ್ವಾಲಿಟಿಯನ್ನು 480ಪಿಗೆ ಇಳಿಸಿ. ತಾಳಮದ್ದಳೆಗೆ ಅದು ಧಾರಾಳ ಸಾಕು.

ಕೇಬಲ್ ಎಳೆದವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಮೋಡೆಮ್‌ನ ಲ್ಯಾನ್ ಪೋರ್ಟು ಸುಟ್ಟುಹೋಗುತ್ತದೆ, ಆ ಕೇಬಲ್ ಹಿಡಿದೇ ಕಂಪ್ಯೂಟರಿನ ಬೋರ್ಡೂ ಹೋಗುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮೊದಲೇ ಮೋಡೆಮ್‌ನ ಕರೆಂಟ್ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತು ಬೇರೆ ಬೇರೆ ಇಡಿ. ಗುಡುಗು ಮಿಂಚು ಪೂರ್ತಿ ನಿಂತ ಮೇಲೆ ಸಿಕ್ಕಿಸಿ, ಪ್ರಸಂಗ ಬಿಟ್ಟಲ್ಲಿಂದಲೇ ನೋಡಬಹುದು.