ಹುಬ್ಬಳ್ಳಿ–ಧಾರವಾಡದ ರಾತ್ರಿನೋಟ: ಕ್ಯಾಮೆರಾ ಇಡುವ ಜಾಗ ಹುಡುಕುವ ಬಗೆ

ಹುಬ್ಬಳ್ಳಿಯ ರಾತ್ರಿನೋಟವನ್ನು ಸೆರೆಹಿಡಿಯಲು ಹೊರಟವರು ಮೊದಲು ಮುಂಬಯಿಯ ಚಿತ್ರಗಳನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಕಡಲಂಚಿನಲ್ಲಿ ಸಾಲಾಗಿ ನಿಂತ ಗಗನಚುಂಬಿಗಳು ಇಲ್ಲಿಲ್ಲ. ನಮ್ಮ ಊರು ಬಯಲಿನ ಮೇಲೆ ಚಾಪೆ ಹಾಸಿದಂತೆ ಹರಡಿಕೊಂಡಿದೆ. ರಸ್ತೆಯ ಮೇಲೆ ನಿಂತು ಕ್ಯಾಮೆರಾ ಹಿಡಿದರೆ ಎದುರಿನ ಅಂಗಡಿಯ ಫಲಕ, ಅದರ ಮುಂದೆ ತೂಗುವ ತಂತಿ, ಅಲ್ಲಿಗೆ ಊರು ಮುಗಿಯುತ್ತದೆ. ಇಂಥ ಊರಿಗೆ ಮೂರು ಸಂಗತಿಗಳು ಒಟ್ಟಿಗೆ ದೊರೆಯುವ ಜಾಗ ಬೇಕು: ಸ್ವಲ್ಪ ಎತ್ತರ, ದೀಪಗಳು ಒಂದರ ಹಿಂದೊಂದು ಪದರವಾಗಿ ಕಾಣುವಷ್ಟು ದೂರ, ಮತ್ತು ನೋಡಿದವರು ‘ಇದು ನಮ್ಮೂರು’ ಎಂದು ಗುರುತಿಸಬಲ್ಲ ಒಂದು ಆಕಾರ.

ಹುಡುಕುವ ಕೆಲಸವನ್ನು ಹಗಲಿನಲ್ಲಿಯೇ ಮುಗಿಸಬೇಕು. ನನ್ನ ಕ್ರಮ ತುಸು ತಿರುವುಮುರುವಾದದ್ದು. ಎತ್ತರದ ಜಾಗಗಳನ್ನು ಹುಡುಕಿ ಅಲೆಯುವ ಬದಲು, ಚಿತ್ರದಲ್ಲಿ ಇರಲೇಬೇಕೆನಿಸುವ ಕಟ್ಟಡದ ಬಳಿ ಹೋಗಿ, ಅಲ್ಲಿಂದ ಸುತ್ತಲೂ ಕಣ್ಣಾಡಿಸಿ, ಯಾವ ಗುಡ್ಡ, ಯಾವ ಮಾಳಿಗೆ, ಯಾವ ಸೇತುವೆ ಕಾಣುತ್ತದೆಂದು ಬರೆದುಕೊಳ್ಳುತ್ತೇನೆ. ಇಲ್ಲಿಂದ ಅದು ಕಂಡರೆ ಅಲ್ಲಿಂದ ಇದು ಕಂಡೇ ಕಾಣುತ್ತದೆ. ನಂತರ ಆ ಜಾಗಗಳಿಗೆ ಸಂಜೆ ನಾಲ್ಕರ ಹೊತ್ತಿಗೆ ಹೋಗಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಫೋನಿನ ದಿಕ್ಸೂಚಿ ತೋರಿಸುವ ಅಂಕೆಯನ್ನೂ ಗುರುತು ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮೊದಲ ಸಲ ನಾನು ಹೀಗೆ ಮಾಡದೆ ಕತ್ತಲಾದ ಮೇಲೆ ಸ್ಟ್ಯಾಂಡ್ ಹೊತ್ತು ಹೋಗಿದ್ದೆ. ಮನೆಗೆ ಬಂದು ನೋಡಿದರೆ ಪ್ರತಿ ಚಿತ್ರದ ನಡುವೆಯೂ ಒಂದು ಬೇವಿನ ಕೊಂಬೆಯ ಕಪ್ಪು ನೆರಳು.

ಹೊಸಬರು ನೃಪತುಂಗ ಬೆಟ್ಟದಿಂದಲೇ ಆರಂಭಿಸುವುದು ಒಳ್ಳೆಯದು. ವಾಯುವಿಹಾರಕ್ಕೆಂದು ಹುಬ್ಬಳ್ಳಿಯ ಜನ ಹತ್ತುವ ಈ ಗುಡ್ಡದಿಂದ ವಿಮಾನ ನಿಲ್ದಾಣದ ಕಡೆಯಿಂದ ಅಮರಗೋಳದವರೆಗೂ ನೋಟ ಸಿಗುತ್ತದೆ. ಆದರೆ ಎಲ್ಲರೂ ನಿಲ್ಲುವ ಕಟ್ಟೆಯೇ ಅತ್ಯುತ್ತಮ ಜಾಗವೆಂದು ಭಾವಿಸಬಾರದು. ಹಾದಿಯನ್ನು ಒಂದು ಸುತ್ತು ಪೂರ್ತಿ ನಡೆಯಿರಿ. ಹತ್ತು ಹೆಜ್ಜೆ ಸರಿದರೆ ಮರಗಳ ನಡುವಿನ ಕಿಂಡಿ ಬದಲಾಗುತ್ತದೆ, ಹಾದಿಯ ದೀಪಕ್ಕೆ ಬೆನ್ನು ಮಾಡಿ ನಿಲ್ಲುವ ಅವಕಾಶವೂ ದೊರೆಯುತ್ತದೆ, ಏಕೆಂದರೆ ಹತ್ತಿರದ ಒಂದು ಬೀದಿದೀಪ ಲೆನ್ಸಿಗೆ ನೇರವಾಗಿ ಬಡಿದರೆ ದೂರದ ಸಾವಿರ ದೀಪಗಳು ಮಂಕಾಗುತ್ತವೆ. ಇಲ್ಲಿ ಅಗಲದ ಲೆನ್ಸ್ ಹಾಕಿದವರಿಗೆ ನಿರಾಸೆಯೇ ಗತಿ: 24 ಎಂ.ಎಂ.ನಲ್ಲಿ ಇಡೀ ನಗರ ಒಂದು ತೆಳು ಪಟ್ಟಿಯಾಗಿ ಕುಗ್ಗಿ, ಉಳಿದದ್ದೆಲ್ಲ ಖಾಲಿ ಆಕಾಶವಾಗುತ್ತದೆ. 70ರಿಂದ 200 ಎಂ.ಎಂ. ಲೆನ್ಸಿನಲ್ಲಿ ದೂರದ ಬಡಾವಣೆಗಳು ಒಂದರ ಮೇಲೊಂದು ಪೇರಿಸಿದಂತೆ ಹತ್ತಿರ ಬರುತ್ತವೆ. ಗೇಟು ಮುಚ್ಚುವ ಹೊತ್ತನ್ನು ಕಾವಲುಗಾರನ ಬಳಿ ಮೊದಲೇ ಕೇಳಿಕೊಳ್ಳಿ. ಸೀಟಿ ಊದಿಸಿಕೊಂಡು ಇಳಿಯುವುದು ಮರ್ಯಾದೆಯಲ್ಲ.

ಹೊತ್ತಿನ ವಿಷಯವನ್ನು ತುಸು ವಿವರವಾಗಿ ಹೇಳಬೇಕು. ‘ರಾತ್ರಿ ಚಿತ್ರ’ ಎಂದು ಕರೆದರೂ ಒಳ್ಳೆಯ ಚಿತ್ರಗಳು ಹುಟ್ಟುವುದು ಮುಸ್ಸಂಜೆಯಲ್ಲಿ. ಸೂರ್ಯ ಮುಳುಗಿದ ಸುಮಾರು 15 ನಿಮಿಷಗಳ ನಂತರ ಆಕಾಶದ ನೀಲಿಯೂ ಊರಿನ ದೀಪಗಳೂ ಸಮಬಲಕ್ಕೆ ಬರುತ್ತವೆ. ಇದು ಹೆಚ್ಚೆಂದರೆ 15–20 ನಿಮಿಷ ಉಳಿಯುತ್ತದೆ, ನಂತರ ಆಕಾಶ ಕಪ್ಪಾಗಿ ಕಟ್ಟಡಗಳ ಅಂಚುಗಳು ಅದರಲ್ಲಿ ಕರಗಿಹೋಗುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಈ ಅವಧಿ ಯುರೋಪಿನವರಿಗೆ ಸಿಗುವಷ್ಟು ದೀರ್ಘವಲ್ಲ. ಹುಬ್ಬಳ್ಳಿಯಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯಾಸ್ತ 6 ಗಂಟೆಯ ಆಸುಪಾಸಿನಲ್ಲಿ ಆದರೆ ಜುಲೈ ಆರಂಭದಲ್ಲಿ 7 ದಾಟುತ್ತದೆ. ಮುಳುಗುವ ದಿಕ್ಕೂ ಸ್ಥಿರವಲ್ಲ: ಜೂನ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆ. ಗುರುತು ಮಾಡಿಕೊಂಡ ದಿಕ್ಸೂಚಿಯ ಅಂಕೆ ಈಗ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಉಳಿದ ಕೆಂಪು ಊರಿನ ಹಿಂದೆಯೇ ಸಿಗುತ್ತದೆ. ಪೂರ್ವಕ್ಕಿದ್ದರೆ ಹುಣ್ಣಿಮೆಯ ಹಿಂದಿನ ದಿನ ಹೋಗಿ. ಅಂದು ಚಂದ್ರ ಸೂರ್ಯಾಸ್ತಕ್ಕೆ ಮೊದಲೇ ಹುಟ್ಟಿರುವುದರಿಂದ ನೀಲಿ ಉಳಿದಿರುವಾಗಲೇ ದೀಪಗಳ ಮೇಲೆ ನಿಂತಿರುತ್ತಾನೆ. ಹುಣ್ಣಿಮೆಯಂದು ಕಾದರೆ ಅವನು ಮೇಲೇರುವಷ್ಟರಲ್ಲಿ ಆಕಾಶ ಕಪ್ಪಾಗಿರುತ್ತದೆ.

ಎತ್ತರ ಸಿಗದ ಕಡೆ ನೀರು ಆ ಕೊರತೆಯನ್ನು ತುಂಬುತ್ತದೆ. ಹಳೆಯ ಪಿ.ಬಿ. ರಸ್ತೆಯ ಪಕ್ಕದ ಉಣಕಲ್ ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ ಇರುವುದರಿಂದ ಗುರುತಿನ ಆಕಾರಕ್ಕೆ ಬೇರೆಡೆ ಹೋಗಬೇಕಾಗಿಲ್ಲ. ದಂಡೆಯ ಮೇಲೆ ನಡೆಯುತ್ತ ಪ್ರತಿಮೆಯ ಹಿಂದೆ ಎದುರು ದಡದ ದೀಪಗಳ ಸಾಲು ಬರುವ ಕೋನವನ್ನು ಹುಡುಕಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಸಾಧ್ಯವಾದಷ್ಟು ತಗ್ಗಿಸಿ ಇಡಬೇಕು. ಗಾಳಿ ನಿಂತ ಸಂಜೆಯಲ್ಲಿ ಪ್ರತಿಬಿಂಬ ಗೆರೆ ಎಳೆದಂತೆ ಬರುತ್ತದೆ. ಗಾಳಿಯಿದ್ದರೆ 20–30 ಸೆಕೆಂಡುಗಳ ಎಕ್ಸ್‌ಪೋಷರ್ ಕೊಟ್ಟು, ಅಂದರೆ ಅಷ್ಟು ಹೊತ್ತು ಷಟರ್ ತೆರೆದಿಟ್ಟು, ಅಲೆಗಳನ್ನು ರೇಷ್ಮೆಯಂತೆ ಮಾಡಿಕೊಳ್ಳಬಹುದು. ನಿಜವಾದ ವೈರಿ ಅಂತರಗಂಗೆ. ಅದು ಕೆರೆಯನ್ನು ಮುಚ್ಚಿದ ತಿಂಗಳಿನಲ್ಲಿ ಹೋದವರಿಗೆ ಪ್ರತಿಬಿಂಬದ ಬದಲು ಹಸಿರು ಹೊಲ ಕಾಣುತ್ತದೆ, ಆದ್ದರಿಂದ ಹಗಲಿನ ಭೇಟಿ ಇಲ್ಲಿ ಎರಡು ಪಟ್ಟು ಅಗತ್ಯ. ಧಾರವಾಡದ ಕೆಲಗೇರಿ ಕೆರೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ದೀಪ ಕಡಿಮೆ, ಆಕಾಶ ಹೆಚ್ಚು.

ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ಬಿ.ಆರ್.ಟಿ.ಎಸ್. (ಬಸ್ಸುಗಳಿಗೆಂದೇ ಪಥ ಮೀಸಲಿಟ್ಟ ತ್ವರಿತ ಸಾರಿಗೆ) ಮಾರ್ಗ ಇನ್ನೊಂದು ಬಗೆಯ ಚಿತ್ರವನ್ನು ಕೊಡುತ್ತದೆ. ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಅಡೆತಡೆಯಿಲ್ಲದೆ ಓಡುವುದರಿಂದ ಅವುಗಳ ದೀಪಗಳು 10–15 ಸೆಕೆಂಡುಗಳ ಎಕ್ಸ್‌ಪೋಷರಿನಲ್ಲಿ ನಿಲ್ಲದ ಗೆರೆಯಾಗುತ್ತವೆ. ಅಕ್ಕಪಕ್ಕದ ಮಿಶ್ರ ಸಂಚಾರದಲ್ಲಿ ಅಷ್ಟು ಶುದ್ಧವಾದ ಗೆರೆ ಸಿಗುವುದಿಲ್ಲ. ಮಾರ್ಗದ ಬದಿಯ ಎತ್ತರದ ಕಟ್ಟಡಗಳ ಮಾಳಿಗೆಗಳು ಇದಕ್ಕೆ ಸೂಕ್ತ. ಮಾಲೀಕರ ಒಪ್ಪಿಗೆಯನ್ನು ಹಗಲಿನಲ್ಲಿ ಮುಖತಃ ಕೇಳಿ, ಹಿಂದಿನ ಒಂದೆರಡು ಚಿತ್ರಗಳನ್ನು ತೋರಿಸಿದರೆ ನಮ್ಮ ಕಡೆಯವರು ಬಹುಮಟ್ಟಿಗೆ ಬೇಡವೆನ್ನುವುದಿಲ್ಲ, ಚಹಾ ಕುಡಿಸದೆ ಕಳಿಸುವುದೂ ಇಲ್ಲ. ಸೇತುವೆಯ ಮೇಲೆ ನಿಂತಾಗ ಬಸ್ಸು ಹಾದುಹೋಗುವ ಅದುರು ಸ್ಟ್ಯಾಂಡಿಗೂ ತಗಲುತ್ತದೆ, ಅದು ಅಡಗಿದ ಮೇಲೆ ಬಟನ್ ಒತ್ತಬೇಕು. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿಗೆ ಹೆಸರಾದ ಹುಬ್ಬಳ್ಳಿ ರೈಲು ನಿಲ್ದಾಣವನ್ನು ಹಲವರು ಸೂಚಿಸುತ್ತಾರೆ. ಆದರೆ ಆ ಉದ್ದ ನೆಲದ ಮಟ್ಟದಿಂದ ಕಾಣುವಂಥದ್ದಲ್ಲ, ಅನುಮತಿಯಿಲ್ಲದೆ ಅಲ್ಲಿ ಸ್ಟ್ಯಾಂಡ್ ಹೂಡುವುದೂ ಸರಿಯಲ್ಲ.

ಧಾರವಾಡ ಏರಿಳಿತದ ಊರು, ಮರಗಳ ಊರು. ದೀಪಗಳು ಎಲೆಗಳ ಮರೆಯಲ್ಲಿ ಚೂರುಚೂರಾಗಿ ಕಾಣುವುದರಿಂದ ಇಡೀ ನಗರವನ್ನು ಒಂದೇ ಚೌಕಟ್ಟಿಗೆ ತರುವ ಹಟ ಬಿಡಬೇಕು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಟ್ಟಡವನ್ನೇ ದೂರದಿಂದ ಗುರುತಿನ ಆಕಾರವಾಗಿ ಬಳಸುವುದು ನನಗೆ ಹೆಚ್ಚು ಹಿಡಿಸುತ್ತದೆ. ಮಳೆಗಾಲದ ಜಿಟಿಜಿಟಿ ನಿಂತ ಸಂಜೆಯಷ್ಟು ತಿಳಿಯಾದ ಗಾಳಿ ಬೇಸಿಗೆಯ ಧೂಳಿನಲ್ಲಿ ಸಿಗುವುದಿಲ್ಲವಾದ್ದರಿಂದ, ಛತ್ರಿಯನ್ನೂ ಲೆನ್ಸ್ ಒರೆಸುವ ಬಟ್ಟೆಯನ್ನೂ ಇಟ್ಟುಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಕಾದು ನೋಡಬೇಕು.

ಕ್ಯಾಮೆರಾದ ಹೊಂದಿಕೆ ಸರಳ: ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8, ರಾ ಫೈಲು (ಸಂಸ್ಕರಿಸದ ಮೂಲ ಚಿತ್ರ), ಎರಡು ಸೆಕೆಂಡುಗಳ ಟೈಮರ್, ದೂರದ ಒಂದು ದೀಪವನ್ನು ಪರದೆಯಲ್ಲಿ ಹಿಗ್ಗಿಸಿಕೊಂಡು ಕೈಯಿಂದ ಮಾಡಿದ ಫೋಕಸ್. ಕತ್ತಲು ಏರಿದಂತೆ ಷಟರ್ ಸಮಯವನ್ನು ಮಾತ್ರ ಹೆಚ್ಚಿಸುತ್ತ ಹೋಗಿ. ಡ್ರೋನ್ ಹಾರಿಸುವ ಯೋಚನೆಯಿದ್ದರೆ ಊರಿನ ಮಗ್ಗುಲಲ್ಲೇ ವಿಮಾನ ನಿಲ್ದಾಣವಿರುವುದನ್ನು ನೆನಪಿಟ್ಟು, ಡ್ರೋನ್ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ಕೆಂಪು ವಲಯವನ್ನು (ಅನುಮತಿಯಿಲ್ಲದೆ ಹಾರಿಸುವಂತಿಲ್ಲದ ಜಾಗವನ್ನು) ನೋಡಿದ ಮೇಲೆಯೇ ಪೆಟ್ಟಿಗೆ ತೆರೆಯಬೇಕು.

ಗದಗಿನ ಕಡೆ ಹೋಗುವವರಿಗೆ ಭೀಷ್ಮ ಕೆರೆಯ ಬಸವೇಶ್ವರ ಪ್ರತಿಮೆಯಿದೆ, ಬಯಲಿನ ಗಾಳಿಯಂತ್ರಗಳಿವೆ. ಕಪ್ಪತಗುಡ್ಡ ವನ್ಯಜೀವಿ ಧಾಮವಾಗಿರುವುದರಿಂದ ರಾತ್ರಿ ಅದನ್ನು ಹತ್ತುವ ಆಸೆ ಬೇಡ. ಹೊಲದ ಬದುವಿನಲ್ಲಿ ನಿಲ್ಲುವುದಾದರೆ ಮಳೆಯಾದ ದಿನ ಎರೆಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲುಗಳು ಮೆಲ್ಲಗೆ ಹೂತುಹೋಗುತ್ತವೆ. ಮೂರು ಹಲಗೆ ಚೂರುಗಳನ್ನು ಕೆಳಗಿಟ್ಟರೆ 30 ಸೆಕೆಂಡುಗಳ ಚಿತ್ರವೂ ಅಲುಗದೆ ಬರುತ್ತದೆ.