ಬಟ್ಟೆ ಒಗೆಯುವ ಕಲ್ಲು ವೀರಗಲ್ಲಾಗಿದ್ದರೆ ಪಂಚಾಯಿತಿಯಲ್ಲಿ ಏನು ಕೇಳಬೇಕು?

ಕೆರೆ ಹತ್ತಿರ ಬಟ್ಟೆ ಒಗೆಯೋ ಚಪ್ಪಡಿಯನ್ನು ಒಮ್ಮೆ ಬಗ್ಗಿ ನೋಡಿ. ಕೆಳಗಿನ ಸಾಲಲ್ಲಿ ಕತ್ತಿ ಹಿಡಿದು ಕಾದಾಡುವವನು, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ ಇದ್ದರೆ ಅದು ವೀರಗಲ್ಲು, ಅಂದರೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಪಕ್ಕದಲ್ಲಿ ಹಸುಗಳಿದ್ದರೆ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಬಡಿದಾಡಿ ಸತ್ತವನ ನೆನಪು ಅಂತ ಲೆಕ್ಕ.

ಮೊದಲು ಫೋಟೊ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಷ್, ಆಸಿಡ್ ಬೇಡವೇ ಬೇಡ. ಭಕ್ತಿಯಿಂದ ಬಳಿಯುವ ಆಯಿಲ್ ಪೇಂಟ್ ಅಂತೂ ಕಳ್ಳರಿಗಿಂತ ಜಾಸ್ತಿ ಹಾಳು ಮಾಡಿದೆ ಅಂತ ನನಗನಿಸುತ್ತದೆ. ಕಲ್ಲನ್ನು ಜಾಗದಿಂದ ಎತ್ತಲೂಬೇಡಿ. ಅದು ಎಲ್ಲಿ ನಿಂತಿದೆ ಅನ್ನೋದೂ ಇತಿಹಾಸವೇ.

ಬರಹವಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಶಾಸನ ಸಂಗ್ರಹದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ತೆಗೆದು ಹುಡುಕಿ. ಸಿಕ್ಕಿದರೆ ಆ ಶಾಸನದ ಸಂಖ್ಯೆ ಬರೆದಿಟ್ಟುಕೊಳ್ಳಿ, ಅರ್ಜಿಗೆ ತೂಕ ಬರುತ್ತದೆ.

ಇನ್ನು ಪಂಚಾಯಿತಿ. ಟೀ ಅಂಗಡಿಯಲ್ಲಿ ಅಧ್ಯಕ್ಷರಿಗೆ ಹೇಳಿದರೆ ‘ಆಯ್ತು, ನೋಡೋಣ ಬಿಡಿ’ ಅಂತಾರೆ, ಅಲ್ಲಿಗೆ ಮುಗೀತು. ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮಸಭೆಗೆ ತಂದು, ನಡವಳಿ ಪುಸ್ತಕದಲ್ಲಿ ಬರೆಸಬೇಕು. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ‘ಇದು ಪುರಾತತ್ವ ಇಲಾಖೆ ಕೆಲಸ ಅಲ್ವಾ’ ಅನ್ನಬಹುದು. ಅದು ಅರ್ಧ ನಿಜ. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಇಲ್ಲದೆ ಪಂಚಾಯಿತಿ ಮುಟ್ಟುವಂತಿಲ್ಲ. ಆದರೆ ಊರೂರಲ್ಲಿ ಬಿದ್ದಿರುವ ಎಷ್ಟೋ ಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆಂದು ಹೇಳುವ 29 ವಿಷಯಗಳಲ್ಲಿ 21ನೆಯದೇ ಸಾಂಸ್ಕೃತಿಕ ಚಟುವಟಿಕೆ. ಇದನ್ನು ಜಗಳವಾಡದೆ, ನಿಧಾನಕ್ಕೆ ನೆನಪಿಸಿ.

ಕೇಳುವಾಗ ಸುಮ್ನೆ ‘ಸಂಸ್ಕೃತಿ ಉಳಿಸಿ’ ಅನ್ನಬೇಡಿ, ಏನೂ ಆಗಲ್ಲ. ಸರ್ವೆ ನಂಬರ್ ಸಮೇತ ಕಲ್ಲುಗಳ ಪಟ್ಟಿ, ಸುತ್ತ ಒಂದು ಸಣ್ಣ ಬೇಲಿ, ಒಂದು ಫಲಕ, ಇಲಾಖೆಗೆ ಒಂದು ಪತ್ರ, ಜೊತೆಗೆ ರಸ್ತೆ ಚರಂಡಿ ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರನಿಗೆ ಆ ಪಟ್ಟಿ ಕೊಡಬೇಕು ಅನ್ನೋ ಒಂದು ಸಾಲು. ಈ ಕೊನೆಯದನ್ನು ಬಿಡಲೇಬೇಡಿ, ಜೆಸಿಬಿಗೆ ವೀರಗಲ್ಲೂ ಒಂದೇ, ಸೈಜುಗಲ್ಲೂ ಒಂದೇ. ಖರ್ಚಿನ ಕೆಲಸಗಳು ಆ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿವೆಯಾ ಅಂತಲೂ ನೋಡಿ.

ಆ ಕಲ್ಲಿನ ಬಗ್ಗೆ ಅಜ್ಜಿಯರು ಹೇಳುವ ಕಥೆಯನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ಸಭೆಗೆ ಹೋಗಿ, ಮುಂದಿನ ಸಾಲಲ್ಲೇ ಕೂತು, ‘ಹೋದ ಸಲದ ನಡವಳಿ ಓದಿ ಸ್ವಾಮಿ’ ಅನ್ನಿ.